ಹಿಮದ ಟ್ರೆಕ್‌ಗೆ ಹೊರಡುವ ಮುನ್ನ: ಹಿಮಕುಸಿತದ ಅಪಾಯ ಗುರುತಿಸುವುದು ಹೇಗೆ?

ನವೆಂಬರ್ ಬಂತೆಂದರೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರತೊಡಗುತ್ತದೆ. "ಕ್ರಿಸ್‌ಮಸ್ ರಜೆಗೆ ಕೇದಾರಕಂಠ ಹೋಗ್ತಿದ್ದೀವಿ, ಸೇಫಾ?" "ಮೇ ತಿಂಗಳಲ್ಲಿ ರೂಪಿನ್ ಪಾಸ್‌ನಲ್ಲಿ ಹಿಮ ಇರುತ್ತಂತೆ, ಭಯ ಇಲ್ವಾ?" ಶೂ ಬಗ್ಗೆ, ಜಾಕೆಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಡೆಯುವ ದಾರಿಯ ಮೇಲಿರುವ ಇಳಿಜಾರು ಎಷ್ಟು ಕಡಿದು ಅಂತ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಹಿಮಕುಸಿತದ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆ ಅದೇ.

ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಗುಡ್ಡ ಕುಸಿಯುವುದು ನಮಗೆ ಗೊತ್ತು. 2018ರ ಕೊಡಗು, 2024ರ ಶಿರೂರು ಇನ್ನೂ ಕಣ್ಣಮುಂದಿವೆ. ಹಿಮ ಮಾತ್ರ ನಮಗೆ ಫ್ರೀಜರ್ ಮೂಲೆಯಲ್ಲಿ ಕಟ್ಟಿಕೊಳ್ಳುವ ಬಿಳಿ ಪುಡಿ ಅಷ್ಟೇ. ಹಾಗಾಗಿ ಈ ಬರಹವನ್ನು ಮೊದಲ ಸಲ ಹಿಮಾಲಯದ ಹಿಮದ ಮೇಲೆ ಕಾಲಿಡುವವರಿಗೆ, ಒಂದೆರಡು ಸಲ ಹೋಗಿ ಬಂದು ಈಗ ಇನ್ನೂ ಎತ್ತರದ ಪಾಸ್, ಅಂದರೆ ಬೆಟ್ಟಸಾಲನ್ನು ದಾಟುವ ದಾರಿ ನೋಡುತ್ತಿರುವವರಿಗೆ ಬರೆದಿದ್ದೇನೆ. ಸ್ವಂತವಾಗಿ, ಗೈಡ್ ಇಲ್ಲದೆ ಹೋಗುವವರಿಗೆ ಇಷ್ಟು ಸಾಲದು. ಅಂಥವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲೋ ಮನಾಲಿಯ ಸಂಸ್ಥೆಯಲ್ಲೋ ಬೇಸಿಕ್ ಕೋರ್ಸ್ ಮುಗಿಸಿ ಹೊರಡಲಿ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಪತ್ರಿಕೆಗಳಲ್ಲಿ ಆಕಾಶದಿಂದ ಹಿಮ ಬಿದ್ದರೂ ಹಿಮಪಾತ, ಬೆಟ್ಟದಿಂದ ಹಿಮ ಕುಸಿದರೂ ಹಿಮಪಾತ. ಇಲ್ಲಿ ನಾನು ಮೇಲಿನಿಂದ ಬೀಳುವುದಕ್ಕೆ ಹಿಮಪಾತ ಅಂತಲೂ, ಇಳಿಜಾರಿನಿಂದ ಜಾರಿ ಬರುವುದಕ್ಕೆ ಹಿಮಕುಸಿತ ಅಂತಲೂ ಬರೆಯುತ್ತೇನೆ. ಉತ್ತರಾಖಂಡದ ಗಢವಾಲದ ಕಡೆ ಇನ್ನೊಂದು ತಮಾಷೆ ಇದೆ. "ಮುಂದೆ ಗ್ಲೇಷಿಯರ್ ಬಂದಿದೆ" ಅಂತ ಕುದುರೆಯವನು ಹೇಳಿದರೆ ಅವನು ಹೇಳುತ್ತಿರುವುದು ಸಾವಿರಾರು ವರ್ಷದ ಹಿಮನದಿಯ ಮಾತಲ್ಲ. ಮೊನ್ನೆ ಕುಸಿದು ದಾರಿಗೆ ಅಡ್ಡ ಬಿದ್ದಿರುವ ಹಿಮದ ರಾಶಿ ಅದು. ಆ ಮಾತು ಕಿವಿಗೆ ಬಿದ್ದರೆ ಫೋಟೋಗೆ ಓಡಬೇಡಿ. ಮೊದಲು ತಲೆ ಎತ್ತಿ ಮೇಲೆ ನೋಡಿ.

ಹಿಮ ಯಾಕೆ ಕುಸಿಯುತ್ತದೆ?

ಓರೆಯಾಗಿಟ್ಟ ಹಲಗೆಯ ಮೇಲೆ ಸಕ್ಕರೆ ಹರಡಿ. ಅದರ ಮೇಲೆ ಒಂದು ಕಡಪ ಕಲ್ಲು ಇಡಿ. ಸ್ವಲ್ಪ ಹೊತ್ತು ಹಾಗೇ ನಿಲ್ಲಬಹುದು. ಒಬ್ಬರು ಹೋಗಿ ಕಲ್ಲಿನ ಮೇಲೆ ಕಾಲಿಟ್ಟರೆ? ಅತಿ ಹೆಚ್ಚು ಜನರನ್ನು ಕೊಲ್ಲುವ ಹಿಮಕುಸಿತ ಇದೇ. ಇದನ್ನು ಸ್ಲ್ಯಾಬ್ ಅನ್ನುತ್ತಾರೆ, ನಾವು ಚಪ್ಪಡಿ ಕುಸಿತ ಅನ್ನೋಣ. ಗಾಳಿ ಒತ್ತಿ ಗಟ್ಟಿ ಮಾಡಿದ ಮೇಲಿನ ಪದರ ಚಪ್ಪಡಿಯಾಗುತ್ತದೆ, ಕೆಳಗಿನ ಸಡಿಲ ಪದರ ಸಕ್ಕರೆಯಾಗುತ್ತದೆ. ತೆಳ್ಳಗೆ ಹಿಮ ಬಿದ್ದು ಆಮೇಲೆ ವಾರಗಟ್ಟಲೆ ನಿರ್ಮಲ ಆಕಾಶ, ಕೊರೆಯುವ ರಾತ್ರಿ ಇದ್ದರೆ ಕೆಳಗಿನ ಹಿಮ ನಿಜಕ್ಕೂ ಸಕ್ಕರೆಯಂತಾಗುತ್ತದೆ. ಕೈಗವಸಿನ ಮೇಲೆ ಹಾಕಿಕೊಂಡು ನೋಡಿ. ಕಲ್ಲುಸಕ್ಕರೆ ಚೂರಿನ ಹಾಗೆ ಮಿನುಗುತ್ತದೆ. ಹಿಂಡಿದರೆ ಉಂಡೆ ಕಟ್ಟುವುದಿಲ್ಲ, ಬೆರಳ ಸಂದಿಯಿಂದ ಸುರಿದು ಹೋಗುತ್ತದೆ. ಲಡಾಖ್, ಸ್ಪಿತಿಯಂಥ ಒಣ, ಚಳಿ ಜಾಸ್ತಿ ಇರುವ ಕಡೆ ಇದು ಸಾಮಾನ್ಯ. ಬಿಸಿಲು ಬೀಳದ ಉತ್ತರದ ಇಳಿಜಾರುಗಳಲ್ಲಿ ಈ ಪದರ ತಿಂಗಳುಗಟ್ಟಲೆ ಹಾಗೇ ಉಳಿದುಕೊಳ್ಳುತ್ತದೆ.

ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ಜನ ಸಿಕ್ಕಿಕೊಳ್ಳುವ ಹತ್ತು ಹಿಮಕುಸಿತಗಳಲ್ಲಿ ಒಂಬತ್ತನ್ನು ಎಬ್ಬಿಸಿದವರು ಸಿಕ್ಕಿಕೊಂಡವರೇ ಅಥವಾ ಅವರ ಜೊತೆಯವರೇ. ಕಾಡುಪ್ರಾಣಿಯ ಹಾಗೆ ಅದು ಹುಡುಕಿಕೊಂಡು ಬರುವುದಿಲ್ಲ. ನಾವೇ ಹೋಗಿ ಅದರ ಬೆನ್ನ ಮೇಲೆ ನಿಲ್ಲುತ್ತೇವೆ. ಒಂದು ಲೆಕ್ಕದಲ್ಲಿ ಇದು ಒಳ್ಳೆಯ ಸುದ್ದಿ, ಯಾಕೆಂದರೆ ನಿಲ್ಲದಿರುವುದು ನಮ್ಮ ಕೈಯಲ್ಲಿದೆ.

ಏನೇನು ಬೇಕು?

ಕೋನ ಅಳೆಯುವ ಆಪ್ ಇರುವ ಫೋನ್. ಎರಡು ಟ್ರೆಕಿಂಗ್ ಕೋಲು. ಬಣ್ಣದ ಟೇಪು. ಇಷ್ಟಿದ್ದರೆ ಇಲ್ಲಿನ ಮುಕ್ಕಾಲು ಭಾಗ ಮಾಡಬಹುದು. ಕಡಿದಾದ ಹಿಮದ ಮೇಲೆ ಹೋಗುವವರಿಗೆ ಇನ್ನೂ ಮೂರು ಬೇಕು. ಒಂದು ಬೀಕನ್, ಅಂದರೆ ಹೂತುಹೋದವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಪುಟ್ಟ ಯಂತ್ರ. ಎರಡನೆಯದು ಪ್ರೋಬ್, ಹಿಮದೊಳಗೆ ಚುಚ್ಚಿ ನೋಡುವ ಮಡಚುವ ಉದ್ದ ಸಲಾಕೆ. ಮೂರನೆಯದು ಲೋಹದ ಸಲಿಕೆ. ಪ್ಲಾಸ್ಟಿಕ್ ಸಲಿಕೆ ಬೇಡ. ಕುಸಿದು ನಿಂತ ಹಿಮ ಕಾಂಕ್ರೀಟಿನಷ್ಟು ಗಟ್ಟಿಯಾಗುತ್ತದೆ, ಪ್ಲಾಸ್ಟಿಕ್ ಮುರಿಯುತ್ತದೆ. ಈ ಮೂರೂ ಗುಂಪಿನ ಪ್ರತಿಯೊಬ್ಬರ ಬಳಿ ಇರಬೇಕು. ಲೀಡರ್ ಒಬ್ಬರ ಬಳಿ ಮಾತ್ರ ಬೀಕನ್ ಇದ್ದರೆ ಅದು ಯಾರನ್ನು ಹುಡುಕಬೇಕು, ಹೇಳಿ?

1. ಮನೆಯಲ್ಲಿ ಕೂತೇ ದಾರಿಯನ್ನು ಓದಿ

ಎಲ್ಲ ಹಿಮದ ಟ್ರೆಕ್‌ಗಳೂ ಒಂದೇ ಅಲ್ಲ. ಕೇದಾರಕಂಠ (3,810 ಮೀಟರ್), ಬ್ರಹ್ಮತಾಲ್, ದಯಾರಾ ಬುಗ್ಯಾಲ್ ಕಡೆಯ ರೂಢಿಯ ದಾರಿಗಳು ಬಹುಪಾಲು ಕಾಡು, ಹುಲ್ಲುಗಾವಲು, ಬೆಟ್ಟದ ಏಣಿನ ಮೇಲೆ ಸಾಗುತ್ತವೆ. ಅಲ್ಲಿ ದಾರಿ ಬಿಟ್ಟರೆ ಮಾತ್ರ ತೊಂದರೆ ಜಾಸ್ತಿ. ರೂಪಿನ್ ಪಾಸ್ (4,650 ಮೀಟರ್) ಕತೆ ಬೇರೆ. ಅದರ ತುದಿಗೆ ಹೋಗುವುದೇ ಎರಡು ಬಂಡೆಗಳ ನಡುವಿನ ಕಡಿದಾದ ಹಿಮದ ಕೊರಕಲಿನಲ್ಲಿ. ಬೂರಾನ್ ಘಾಟಿಯ ಇಳಿಯುವ ಬದಿಯಲ್ಲಿ ಮೇ, ಜೂನ್‌ನಲ್ಲಿ ಹಿಮದ ಗೋಡೆಯೇ ಇರುತ್ತದೆ.

ಗೂಗಲ್ ಅರ್ಥ್ ತೆರೆದು ನಿಮ್ಮ ದಾರಿಯ ಉದ್ದಕ್ಕೂ ಓರೆಯಾಗಿ ನೋಡುತ್ತಾ ಹೋಗಿ. ದಟ್ಟ ಕಾಡಿನ ಮಧ್ಯೆ ಮೇಲಿನಿಂದ ಕೆಳಗಿನವರೆಗೆ ಬೋಳಾದ ಪಟ್ಟೆ ಕಂಡರೆ ಅದು ಪದೇ ಪದೇ ಹಿಮ ಇಳಿಯುವ ಜಾಗವಿರಬಹುದು. ಸ್ಥಳದಲ್ಲೂ ಗುರುತು ಸಿಗುತ್ತದೆ. ಭೋಜಪತ್ರದ ಮರಗಳು ಕೆಳಮುಖವಾಗಿ ಬಾಗಿರುತ್ತವೆ, ಮೇಲ್ಬದಿಯ ಕೊಂಬೆಗಳು ಮುರಿದಿರುತ್ತವೆ.

ಎಚ್ಚರ: ಉಪಗ್ರಹ ನಕ್ಷೆಗಳು ಸಣ್ಣ ಕಡಿದು ಜಾಗಗಳನ್ನು ಸವರಿ ಸಪಾಟಾಗಿ ತೋರಿಸುತ್ತವೆ. ಇಪ್ಪತ್ತು ಮೀಟರ್ ಎತ್ತರದ ಒಂದು ದಿಬ್ಬ ನಕ್ಷೆಯಲ್ಲಿ ಕಾಣಿಸದೇ ಇರಬಹುದು. ಒಬ್ಬರನ್ನು ಹೂಳಲು ಅಷ್ಟು ಸಾಕು.

2. ಹವಾಮಾನ ಮತ್ತು ಎಚ್ಚರಿಕೆ ಸೂಚನೆ ನೋಡಿ

ಚಳಿಗಾಲದಲ್ಲಿ ಹಿಮಾಲಯಕ್ಕೆ ಹಿಮ ತರುವುದು ವೆಸ್ಟರ್ನ್ ಡಿಸ್ಟರ್ಬೆನ್ಸ್, ಅಂದರೆ ಮೆಡಿಟರೇನಿಯನ್ ಕಡೆಯಿಂದ ಬರುವ ಮಳೆ ಮಾರುತ. ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಈ ಪದ ಕಂಡರೆ ನಿಮ್ಮ ತಾರೀಖಿನ ಪಕ್ಕ ಗುರುತು ಹಾಕಿಕೊಳ್ಳಿ. 24 ಗಂಟೆಯಲ್ಲಿ ಒಂದು ಅಡಿ, ಅಂದರೆ 30 ಸೆಂ.ಮೀ. ಹೊಸ ಹಿಮ ಬಿತ್ತೆಂದರೆ ಕಡಿದು ಇಳಿಜಾರುಗಳನ್ನು ಮರೆತುಬಿಡಿ. ಹಿಮ ನಿಂತ ಮೇಲಿನ ಒಂದೆರಡು ದಿನ ಬಹಳ ಕೆಟ್ಟದ್ದು. ಆಕಾಶ ಬೇರೆ ತಿಳಿ ನೀಲಿಯಾಗಿರುತ್ತದೆ, ಹೊರಡೋಣ ಅನ್ನಿಸುತ್ತದೆ.

ಹಿಮಕುಸಿತದ ಎಚ್ಚರಿಕೆ ಕೊಡುವುದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡಿಜಿಆರ್‌ಇ ಎಂಬ ಪ್ರಯೋಗಾಲಯ. ಮುಂಚೆ ಇದೇ ಕೆಲಸ ಮಾಡುತ್ತಿದ್ದದ್ದು ಸಾಸೆ ಎಂಬ ಸಂಸ್ಥೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಆಪ್‌ನಲ್ಲೂ ಈ ಎಚ್ಚರಿಕೆಗಳು ಬರುತ್ತವೆ. ಒಂದು ಸೂಚನೆ ಹೆಚ್ಚುಕಡಿಮೆ ಹೀಗಿರುತ್ತದೆ: ಇಂಥ ಜಿಲ್ಲೆಯಲ್ಲಿ, 2,800 ಮೀಟರ್‌ಗಿಂತ ಮೇಲೆ, ಮುಂದಿನ 24 ಗಂಟೆ, ಮಧ್ಯಮ ಅಪಾಯ. ಇದರಲ್ಲಿ ನೀವು ಹೊಂದಿಸಬೇಕಾದದ್ದು ಎತ್ತರ. ನಿಮ್ಮ ಕ್ಯಾಂಪ್ 3,400 ಮೀಟರ್‌ನಲ್ಲಿದ್ದರೆ ಆ ಮಾತು ನಿಮಗೇ ಹೇಳಿದ್ದು.

ಅಪಾಯದ ಮಟ್ಟ 1ರಿಂದ 5ರವರೆಗೆ ಇರುತ್ತದೆ. ಇಲ್ಲಿ ಎಲ್ಲರೂ ಎಡವುವುದು 3ರಲ್ಲಿ. ಐದಕ್ಕೆ ಮೂರು, ಪರವಾಗಿಲ್ಲ, ಪಾಸಾಯಿತಲ್ಲ ಅನ್ನಿಸುತ್ತದೆ. ಆದರೆ 3 ಅಂದರೆ ಒಬ್ಬ ಮನುಷ್ಯನ ಭಾರಕ್ಕೇ ಇಳಿಜಾರು ಕುಸಿಯುವ ಸಾಧ್ಯತೆ ಇದೆ ಅಂತ ಅರ್ಥ. ಯುರೋಪಿನಲ್ಲಿ ಅತಿ ಹೆಚ್ಚು ಸಾವುಗಳು ಆಗುವುದು 3ರ ದಿನಗಳಲ್ಲೇ. 4, 5ರಲ್ಲಿ ಜನ ಮನೆಯಲ್ಲೇ ಇರುತ್ತಾರಲ್ಲ! ಹೊಸಬರಿಗೆ ನನ್ನ ಸಲಹೆ: 3 ಅಂತ ಇದ್ದರೆ ಕಡಿದು ಹಿಮದ ಕಡೆ ಹೋಗಬೇಡಿ, ಚರ್ಚೆಯೂ ಬೇಡ.

3. ದುಡ್ಡು ಕಟ್ಟುವ ಮುಂಚೆ ಏಜೆನ್ಸಿಗೆ ಕೇಳಿ

ಊಟದಲ್ಲಿ ಮೊಟ್ಟೆ ಇರುತ್ತಾ ಅಂತ ಕೇಳುವಾಗ ಇವನ್ನೂ ಕೇಳಿ. ದೊಡ್ಡ ಹಿಮಪಾತದ ನಂತರ ಎಷ್ಟು ಹೊತ್ತು ಕಾಯುತ್ತೀರಿ? ಬಫರ್ ಡೇ, ಅಂದರೆ ಕಾಯಲು ಹೆಚ್ಚುವರಿ ದಿನ ಇದೆಯಾ? ತುದಿ ಮುಟ್ಟಲಿ ಬಿಡಲಿ, ಎಷ್ಟು ಗಂಟೆಗೆ ವಾಪಸ್ ತಿರುಗುತ್ತೀರಿ? ಹೋದ ವರ್ಷ ಎಷ್ಟು ತಂಡಗಳನ್ನು ಅರ್ಧದಿಂದ ತಿರುಗಿಸಿದಿರಿ? ಈ ಕೊನೆಯ ಪ್ರಶ್ನೆಗೆ "ಎಲ್ಲರನ್ನೂ ತುದಿ ಮುಟ್ಟಿಸಿದ್ದೀವಿ ಸರ್, ನೂರಕ್ಕೆ ನೂರು" ಅನ್ನುವ ಉತ್ತರ ಬಂದರೆ ನಾನಾದರೆ ಬೇರೆಯವರನ್ನು ಹುಡುಕುತ್ತೇನೆ.

ನಿಮ್ಮ ಕಡೆಯ ತಪ್ಪೂ ಒಂದಿದೆ. ಟ್ರೆಕ್ ಮುಗಿಯುವ ದಿನದ ಮರುದಿನ ಬೆಳಿಗ್ಗೆಗೇ ಡೆಹ್ರಾಡೂನ್‌ನಿಂದ ಬೆಂಗಳೂರಿಗೆ ಟಿಕೆಟ್ ಮಾಡಿಸಿರುತ್ತೀರಿ. ಆಮೇಲೆ ಒಂದು ದಿನ ಕಾಯೋಣ ಅಂತ ಲೀಡರ್ ಅಂದಾಗ ಮುಖ ಸಿಂಡರಿಸುವವರು ನೀವೇ. ಒಂದು ದಿನದ ರಜೆ ಜಾಸ್ತಿ ಹಾಕಿ.

4. ಇಳಿಜಾರಿನ ಕೋನ ಅಳೆಯಿರಿ

ಚಪ್ಪಡಿ ಕುಸಿತಗಳು ಬಹುಪಾಲು ಶುರುವಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅದಕ್ಕಿಂತ ತೀರಾ ಕಡಿದಾದರೆ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ. 25ಕ್ಕಿಂತ ಕಡಿಮೆ ಇದ್ದರೆ ಅಲ್ಲಿಂದ ಕುಸಿಯುವುದು ಅಪರೂಪ. 30 ಡಿಗ್ರಿ ಅಂದರೆ ಎಷ್ಟು? ಮನೆಯ ಮಹಡಿ ಮೆಟ್ಟಿಲು ಹತ್ತಿ ನೋಡಿ, ಸರಿಸುಮಾರು ಅಷ್ಟೇ. ಮಲೆನಾಡು, ಕರಾವಳಿಯ ಹಂಚಿನ ಮಾಡಿನ ಇಳಿಜಾರೂ ಅದರ ಆಸುಪಾಸೇ. ನೋಡಲು ಭಯಂಕರವಾಗೇನೂ ಇರುವುದಿಲ್ಲ. ಅದೇ ತೊಂದರೆ.

ಕೋಲಿನಿಂದ ಅಳೆಯುವ ವಿಧಾನ ಇಲ್ಲಿದೆ. ಎರಡೂ ಕೋಲನ್ನು ಹಿಡಿಯ ತುದಿಯವರೆಗೆ 120 ಸೆಂ.ಮೀ. ಉದ್ದಕ್ಕೆ ಹೊಂದಿಸಿ. ಒಂದು ಕೋಲಿಗೆ ಕೆಳಗಿನ ಮೊನೆಯಿಂದ ಅಳೆದು 70, 85 ಮತ್ತು 100 ಸೆಂ.ಮೀ.ಗೆ ಟೇಪು ಸುತ್ತಿ. ಇಳಿಜಾರಿಗೆ ಪಕ್ಕವಾಗಿ ನಿಂತು, ಟೇಪಿಲ್ಲದ ಕೋಲನ್ನು ಇಳಿಜಾರಿನ ಓರೆಗಲ್ಲ, ನೀರಿನ ಮಟ್ಟದ ಹಾಗೆ ಸಮತಲವಾಗಿ ಅಡ್ಡ ಹಿಡಿಯಿರಿ. ಅದರ ಮೊನೆ ಮೇಲ್ಬದಿಯ ಹಿಮವನ್ನು ಮುಟ್ಟಿರಲಿ, ಹಿಡಿ ಗಾಳಿಯಲ್ಲಿರಲಿ. ಈಗ ಟೇಪಿನ ಕೋಲನ್ನು ಆ ಹಿಡಿಯ ಪಕ್ಕಕ್ಕೆ ತಂದು, ಮೊನೆಯನ್ನು ಹಿಮದ ಮೇಲೆ ಊರಿ ನೆಟ್ಟಗೆ ನಿಲ್ಲಿಸಿ. ಒಳಗೆ ಚುಚ್ಚಬೇಡಿ. ಅಡ್ಡ ಕೋಲಿನ ಹಿಡಿ 70ರ ಟೇಪಿಗೆ ಬಂದರೆ 30 ಡಿಗ್ರಿ, 85ಕ್ಕೆ ಬಂದರೆ 35, 100ಕ್ಕೆ ಬಂದರೆ 40. ಹೊರಡುವ ಮುಂಚೆ ಮನೆ ಹತ್ತಿರದ ಯಾವುದಾದರೂ ದಿಬ್ಬದಲ್ಲಿ ನಾಲ್ಕು ಸಲ ಮಾಡಿ ನೋಡಿ. ಕೈಗವಸು ಹಾಕಿಕೊಂಡೇ ಮಾಡಿ.

ಎಚ್ಚರ: ಅಳೆಯಲೆಂದು ಅನುಮಾನದ ಇಳಿಜಾರಿನ ಮಧ್ಯಕ್ಕೇ ಹೋಗಬೇಡಿ. ಅಂಚಿನಲ್ಲಿ, ಅದೇ ಕೋನದ ಸಣ್ಣ ಜಾಗದಲ್ಲಿ ಅಳೆಯಿರಿ. ದೂರದ ಇಳಿಜಾರಾದರೆ ಪಕ್ಕದಿಂದ ನೋಡುತ್ತಾ ಫೋನಿನ ಅಂಚನ್ನು ಅದರ ಗೆರೆಗೆ ಹೊಂದಿಸಿ ಆಪ್‌ನಲ್ಲಿ ಕೋನ ಓದಿ.

ನೀವು ಸಪಾಟು ಜಾಗದಲ್ಲಿದ್ದೀರಿ ಅಂತ ನಿಶ್ಚಿಂತೆಯೂ ಬೇಡ. ಮೇಲೆ ಕುಸಿದದ್ದು ಕೆಳಗೆ ದೂರದವರೆಗೂ ಹರಿದು ಬರುತ್ತದೆ. ಟೆಂಟ್ ಹಾಕುವ ಜಾಗದಿಂದ ಮೇಲಿನ ಇಳಿಜಾರಿನ ತುದಿಗೆ ಫೋನ್ ಗುರಿಯಿಡಿ. ಕೋನ 20 ಡಿಗ್ರಿಗಿಂತ ಜಾಸ್ತಿ ಬಂದರೆ ಹಿಮ ನಿಮ್ಮವರೆಗೂ ಬರಬಹುದು ಅಂತಲೇ ತಿಳಿಯಿರಿ. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ರಸ್ತೆಯಲ್ಲಿ ಸತ್ತ ಏಳು ಮಂದಿ ಪರ್ವತಾರೋಹಿಗಳಲ್ಲ, ಗಾಡಿಯಲ್ಲಿ ಬಂದಿದ್ದ ಪ್ರವಾಸಿಗರು.

5. ಹಿಮ ಕೊಡುವ ಸೂಚನೆಗಳನ್ನು ಗಮನಿಸಿ

ಮೊದಲನೆಯದು ಹೊಸ ಕುಸಿತ. ಎದುರಿನ ಬೆಟ್ಟದಲ್ಲಿ ನಿನ್ನೆ ಇಲ್ಲದ ಗೀರು ಇವತ್ತು ಇದ್ದರೆ, ಅದೇ ದಿಕ್ಕಿನ, ಅಷ್ಟೇ ಎತ್ತರದ ನಿಮ್ಮ ಇಳಿಜಾರೂ ಅದೇ ಸ್ಥಿತಿಯಲ್ಲಿರಬಹುದು.

ಎರಡನೆಯದು ಶಬ್ದ. ನಡೆಯುವಾಗ ಕಾಲಡಿಯಲ್ಲಿ "ಧುಂಫ್" ಎಂದು ಟೊಳ್ಳಾಗಿ ಕೇಳಿ, ಸುತ್ತಲಿನ ಹಿಮ ಒಂದಿಷ್ಟು ಕುಸಿದು ಕೂತ ಹಾಗಾಗುತ್ತದೆ. ನಾನು ಇದನ್ನು ಒಂದೇ ಸಲ ಕೇಳಿದ್ದೇನೆ, ಅದೂ ಸಪಾಟು ಜಾಗದಲ್ಲಿ. ಮುಂದಿದ್ದ ಗೈಡ್ ಮಾತು ನಿಲ್ಲಿಸಿ, ಬಂದ ಹೆಜ್ಜೆಯಲ್ಲೇ ನಮ್ಮೆಲ್ಲರನ್ನೂ ಹಿಂದಕ್ಕೆ ನಡೆಸಿದ. ಒಳಗಿನ ಸಕ್ಕರೆ ಪದರ ಕುಸಿದ ಸದ್ದು ಅದು. ಇಳಿಜಾರಿನಲ್ಲಾಗಿದ್ದರೆ ಚಪ್ಪಡಿ ಜಾರಿರುತ್ತಿತ್ತು.

ಮೂರನೆಯದು ಬಿರುಕು. ಕಾಲಿಟ್ಟ ಕಡೆಯಿಂದ ಗಾಜು ಸೀಳಿದ ಹಾಗೆ ಗೆರೆ ಓಡಿದರೆ ತಕ್ಷಣ ಹಿಂದಕ್ಕೆ.

ನಾಲ್ಕನೆಯದು ಗಾಳಿ. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಿಮ ಬೀಳದಿದ್ದರೂ ಗಾಳಿ ಒಂದು ಬದಿಯ ಹಿಮವನ್ನು ಗುಡಿಸಿ ಇನ್ನೊಂದು ಬದಿಗೆ, ಗಾಳಿಮರೆಯ ಕಡೆಗೆ ತಂದು ಪೇರಿಸುತ್ತದೆ. ಆಕಾಶದಿಂದ ಬೀಳುವುದಕ್ಕಿಂತ ಹತ್ತು ಪಟ್ಟು ಬೇಗ ಪೇರಿಸಬಲ್ಲದು. ಏಣಿನ ತುದಿಯಲ್ಲಿ ಬಾವುಟದ ಹಾಗೆ ಹಿಮದ ಪುಡಿ ಹಾರುತ್ತಿದ್ದರೆ ಅದು ಯಾವ ಕಡೆ ಹೋಗುತ್ತಿದೆ ನೋಡಿ, ಆ ಬದಿ ಬಿಡಿ. ಅಲ್ಲೇ ತುದಿಯಲ್ಲಿ ಮಾಡಿನ ಸೂರಿನ ಹಾಗೆ ಹೊರಚಾಚಿದ ಹಿಮವೂ ಇರುತ್ತದೆ. ಕಾರ್ನಿಸ್ ಅನ್ನುತ್ತಾರೆ. ಅದರ ಕೆಳಗೆ ಏನೂ ಇರುವುದಿಲ್ಲ. ಸೆಲ್ಫಿಗೆ ಅಂಚಿಗೆ ಹೋಗುವವರು ಇದನ್ನು ಎರಡು ಸಲ ಓದಿ.

ಐದನೆಯದು ದಿಢೀರ್ ಬಿಸಿ. ಇದಕ್ಕೆ ಬೇರೆಯದೇ ಹಂತ ಬೇಕು, ಅದು ಮುಂದಿನ 6ನೆಯದು.

ನಡುವೆ ಒಂದು ಸಣ್ಣ ಪರೀಕ್ಷೆ. ಕೋಲನ್ನು ತಲೆಕೆಳಗು ಮಾಡಿ, ಹಿಡಿಯ ಕಡೆಯಿಂದ ನಿಧಾನವಾಗಿ ಹಿಮಕ್ಕೆ ಒತ್ತಿ. ಕೆಳಗೆ ಹೋದಷ್ಟೂ ಗಟ್ಟಿಯಾಗುತ್ತಾ ಹೋದರೆ ಸಮಾಧಾನ. ಗಟ್ಟಿ, ಗಟ್ಟಿ, ಆಮೇಲೆ ಒಮ್ಮೆಲೇ ಸರ್‍ರನೆ ಇಳಿದರೆ ಮೇಲೆ ಚಪ್ಪಡಿ, ಕೆಳಗೆ ಸಕ್ಕರೆ. ಈ ಪರೀಕ್ಷೆ ಬೇಡ ಅನ್ನಲು ಸಾಕು. ಹೋಗಬಹುದು ಅನ್ನಲು ಸಾಲದು.

6. ಹೊತ್ತು ನೋಡಿ ಹೊರಡಿ

ಏಪ್ರಿಲ್‌ನಿಂದ ಜೂನ್‌ವರೆಗೆ ಹೋಗುವವರಿಗೆ ಇದೇ ಮುಖ್ಯ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗಿನ ಜಾವ ಕಲ್ಲಿನಂತಿರುತ್ತದೆ. ಬಿಸಿಲು ಏರಿದ ಹಾಗೆ ನೀರು ಒಳಗಿಳಿದು ಹಿಡಿತ ಬಿಡುತ್ತದೆ. ಅದಕ್ಕೇ ಪಾಸ್ ದಾಟುವ ದಿನ ಗೈಡ್‌ಗಳು ಬೆಳಗಿನ ಜಾವ ಮೂರು ನಾಲ್ಕಕ್ಕೆಲ್ಲ ಎಬ್ಬಿಸುವುದು. ಸುಮ್ನೆ ಗೊಣಗಬೇಡಿ, ಎದ್ದುಬಿಡಿ. ಪೂರ್ವದ ಇಳಿಜಾರಿಗೆ ಬಿಸಿಲು ಮೊದಲು ತಾಗುತ್ತದೆ, ಆಮೇಲೆ ದಕ್ಷಿಣ, ಮಧ್ಯಾಹ್ನದ ಮೇಲೆ ಪಶ್ಚಿಮ. ನಿಮ್ಮ ದಾರಿ ಯಾವ ಮುಖದಲ್ಲಿದೆ ಅಂತ ಹಿಂದಿನ ದಿನವೇ ತಿಳಿದುಕೊಳ್ಳಿ.

ಮೇಲಿನಿಂದ ಹಿಮದ ಉಂಡೆಗಳು ತಾವಾಗಿ ಉರುಳಿ ಬರುತ್ತಿದ್ದರೆ, ಕಾಲು ಮೊಣಕಾಲವರೆಗೆ ಹೂಳತೊಡಗಿದರೆ, ಹೊತ್ತು ಮೀರಿದೆ ಅಂತ ಅರ್ಥ. ರಾತ್ರಿಯೆಲ್ಲ ಮೋಡ ಮುಚ್ಚಿತ್ತಾ? ಹಾಗಿದ್ದರೆ ಹಿಮ ಸರಿಯಾಗಿ ಹೆಪ್ಪುಗಟ್ಟಿಯೇ ಇರುವುದಿಲ್ಲ, ಬೇಗ ಎದ್ದೂ ಪ್ರಯೋಜನವಿಲ್ಲ.

ಬೇಸಿಗೆ, ಚಳಿಗಾಲ ಅಂತ ತಿಂಗಳು ನಂಬಿ ಕೂರಬೇಡಿ. ದ್ರೌಪದಿ ಕಾ ದಂಡಾ-2 ಶಿಖರದಲ್ಲಿ ತರಬೇತಿಯ ತಂಡ ಹಿಮಕುಸಿತಕ್ಕೆ ಸಿಕ್ಕಿದ್ದು 2022ರ ಅಕ್ಟೋಬರ್ 4ರಂದು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. 2024ರ ಜೂನ್‌ನಲ್ಲಿ ಸಹಸ್ರತಾಲ್ ದಾರಿಯಲ್ಲಿ ನಮ್ಮ ರಾಜ್ಯದಿಂದ ಹೋದ ತಂಡದ ಒಂಬತ್ತು ಮಂದಿ ತೀರಿಕೊಂಡದ್ದು ಹಿಮಕುಸಿತದಿಂದಲ್ಲ, ಹಿಮಗಾಳಿ ಮತ್ತು ಚಳಿಯಿಂದ. ಇಳಿಜಾರು ಸರಿಯಾಗಿದ್ದ ಮಾತ್ರಕ್ಕೆ ಹವಾಮಾನ ಮರೆಯುವ ಹಾಗಿಲ್ಲ.

7. ದಾಟಲೇಬೇಕಾದರೆ ಹೀಗೆ ದಾಟಿ

ಒಬ್ಬೊಬ್ಬರಾಗಿ. ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ದಾಟುವವರನ್ನೇ ನೋಡುತ್ತಿರಬೇಕು. ಕೋಲಿನ ಪಟ್ಟಿಯಿಂದ ಕೈ ಹೊರಗೆ ತೆಗೆಯಿರಿ. ಜಾಕೆಟ್ ಜಿಪ್ ಹಾಕಿ, ಮೂಗು ಬಾಯಿಗೆ ಬಫ್, ಅಂದರೆ ಕುತ್ತಿಗೆಗೆ ಹಾಕುವ ಬಟ್ಟೆಪಟ್ಟಿ, ಏರಿಸಿ. ಮಧ್ಯದಲ್ಲಿ ನಿಲ್ಲಬೇಡಿ, ಯಾರ ಫೋಟೋಗೂ. ಸಾಧ್ಯವಾದಷ್ಟು ಮೇಲಿನಿಂದ ದಾಟಿ. ಕೆಳಗೆ ಹಳ್ಳ, ಕೊರಕಲು ಇದ್ದರೆ ಸಣ್ಣ ಕುಸಿತವೂ ಆಳಕ್ಕೆ ಹೂಳುತ್ತದೆ.

"ಮುಂದೆ ಹತ್ತು ಜನ ಹೋದ ಹೆಜ್ಜೆ ಇದೆಯಲ್ಲ" ಅನ್ನುವ ಧೈರ್ಯ ಬೇಡ. ಹನ್ನೊಂದನೆಯವರ ಕಾಲು ಸಕ್ಕರೆ ಪದರದ ತೆಳ್ಳನೆಯ ಜಾಗಕ್ಕೆ ತಾಗಬಹುದು.

8. ಕುಸಿದರೆ

ಸಿಕ್ಕಿಕೊಂಡರೆ ಕೂಗಿ, ಕೋಲು ಬಿಸಾಡಿ, ಪಕ್ಕಕ್ಕೆ ಹೋಗಲು ಹೆಣಗಿ. ಹಿಮ ನಿಧಾನವಾಗುತ್ತಿದ್ದಂತೆ ಮುಖದ ಮುಂದೆ ಕೈ ಅಡ್ಡ ತಂದು ಉಸಿರಿಗೆ ಜಾಗ ಮಾಡಿಕೊಳ್ಳಿ. ನಿಂತ ಮೇಲೆ ಬೆರಳೂ ಅಲ್ಲಾಡುವುದಿಲ್ಲ.

ಹೊರಗಿರುವವರಿಗೆ ಹತ್ತು ನಿಮಿಷವಿದೆ. ಅಷ್ಟರೊಳಗೆ ಹೊರಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬದುಕುವವರು ಮೂರನೇ ಒಂದು ಭಾಗದಷ್ಟೂ ಇಲ್ಲ. ಹಾಗಾಗಿ ನೆಟ್‌ವರ್ಕ್ ಹುಡುಕುತ್ತಾ ಎಲ್ಲರೂ ಓಡಬೇಡಿ. ಮೇಲೆ ಇನ್ನೊಂದು ಕುಸಿಯುವ ಹಾಗಿದೆಯಾ ನೋಡಿ. ಕೊನೆಗೆ ಕಂಡ ಜಾಗ ಗುರುತಿಟ್ಟು, ಅಲ್ಲಿಂದ ಕೆಳಕ್ಕೆ ಹುಡುಕಿ. ಕೈಗವಸು, ಚೀಲ, ಏನಾದರೂ ಹೊರಗೆ ಕಾಣುತ್ತಾ ನೋಡಿ. ಬೀಕನ್ ಇದ್ದರೆ ಎಲ್ಲರೂ ಹುಡುಕುವ ಮೋಡ್‌ಗೆ ಹಾಕಿ. ಒಬ್ಬರು ಮರೆತು ಸಂಕೇತ ಕಳಿಸುತ್ತಲೇ ಇದ್ದರೆ ಎಲ್ಲರೂ ಅವರ ಸುತ್ತಲೇ ಸುತ್ತುತ್ತೀರಿ. ಮೊಬೈಲನ್ನು ಯಂತ್ರದಿಂದ ಅರ್ಧ ಮೀಟರ್ ದೂರವಿಡಿ. ಪ್ರೋಬ್ ತಾಗಿದ ಕಡೆ ಅದನ್ನು ಹಾಗೇ ಬಿಟ್ಟು, ಇಳಿಜಾರಿನ ಕೆಳಬದಿಯಿಂದ ಒಳಕ್ಕೆ ಅಗೆಯಿರಿ. ನೇರ ಮೇಲಿನಿಂದ ಅಗೆದರೆ ಅವರ ಮೇಲೇ ನಿಂತಿರುತ್ತೀರಿ. ಮೊದಲು ಮುಖ, ಆಮೇಲೆ ಎದೆ. ಬಾಯಿಯ ಹಿಮ ತೆಗೆದು, ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದರಿಂದ ಸಿಪಿಆರ್ ಶುರು ಮಾಡಿ.

ಇಲ್ಲಿ ಕೆಲವರು ಹನುಮಂತಪ್ಪ ಕೊಪ್ಪದ ಅವರ ಹೆಸರೆತ್ತುತ್ತಾರೆ. ಆರು ದಿನ ಬದುಕಿರಲಿಲ್ವಾ ಅಂತ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ, ಸುಮಾರು 19,600 ಅಡಿಯಲ್ಲಿ, ಹಿಮ ಕುಸಿದಾಗ ಹತ್ತು ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕಿದ್ದು. ಅವರು ಇದ್ದದ್ದು ಟೆಂಟಿನೊಳಗೆ, ಉಸಿರಾಡಲು ಗಾಳಿ ಉಳಿದ ಜಾಗದಲ್ಲಿ. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರೂ ಹೋದರು. ಬಯಲಲ್ಲಿ ನಡೆಯುತ್ತಾ ಹೂತವರಿಗೆ ಆ ಗಾಳಿಯ ಜಾಗ ಇರುವುದಿಲ್ಲ.

ಹೊರದೇಶದಿಂದ ಬರುವವರಿಗೆ

ಅಮೆರಿಕ, ಸ್ವಿಟ್ಜರ್ಲೆಂಡ್‌ನಲ್ಲಿರುವ ಕನ್ನಡಿಗರು ಅಲ್ಲಿ ದಿನವೂ ಬೆಟ್ಟಸಾಲುವಾರು ಹಿಮಕುಸಿತ ವರದಿ ಓದಿ ಅಭ್ಯಾಸವಾಗಿರುತ್ತಾರೆ. ಯಾವ ದಿಕ್ಕು, ಯಾವ ಎತ್ತರ, ಯಾವ ಪದರ ಎಲ್ಲವೂ ಅದರಲ್ಲಿರುತ್ತದೆ. ಇಲ್ಲಿ ಸಿಗುವುದು ಜಿಲ್ಲಾವಾರು ಒಂದು ಸಾಲು. ಉಳಿದದ್ದನ್ನು ಊರಿನ ಗೈಡ್‌ನನ್ನೇ ಕೇಳಬೇಕು. ಹೋದ ವಾರ ಯಾವ ಕಡೆ ಕುಸಿಯಿತು ಭಾಯ್ ಅಂತ ಕೇಳಿ, ಟೀ ಕುಡಿಯುತ್ತಾ ಎಲ್ಲ ಹೇಳುತ್ತಾರೆ.

ಸ್ಯಾಟಲೈಟ್ ಫೋನ್, ಸ್ಯಾಟಲೈಟ್ ಮೆಸೇಜ್ ಕಳಿಸುವ ಯಂತ್ರಗಳನ್ನು ಅನುಮತಿ ಇಲ್ಲದೆ ತರಬೇಡಿ. ಭಾರತದಲ್ಲಿ ಅದು ಕಾನೂನಿಗೆ ವಿರುದ್ಧ, ವಿಮಾನ ನಿಲ್ದಾಣದಲ್ಲೇ ಹಿಡಿದ ಉದಾಹರಣೆಗಳಿವೆ. ಬೀಕನ್ ತರುವುದಾದರೆ ಕೈಪಿಡಿಯಲ್ಲಿ ಹೇಳಿದ ಬ್ಯಾಟರಿಯನ್ನೇ ಹಾಕಿ. ಹೆಚ್ಚಿನವಕ್ಕೆ ಹೊಸ ಆಲ್ಕಲೈನ್ ಸೆಲ್ ಬೇಕು, ರೀಚಾರ್ಜ್ ಆಗುವಂಥವು ನಡೆಯುವುದಿಲ್ಲ. ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಬೇಸ್ ಕ್ಯಾಂಪಿನ ಅಂಗಡಿಯಲ್ಲಿ ಮ್ಯಾಗಿ ಸಿಗುತ್ತದೆ, ಒಳ್ಳೆಯ ಸೆಲ್ ಸಿಗುವುದಿಲ್ಲ.